ಎರಡು ಅಡಿ ಟ್ಯಾಂಕಿಗೆ ಲೈಟ್ ಮತ್ತು ಏರ್ ಪಂಪ್: ನಮ್ಮ ಬಿಸಿಲಿಗೆ ಯಾವುದು ಸರಿ?

ಮೀನಮ್ಮ, ಸಿಂಧನೂರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಗಳ ಆಸೆಗೆ ಮನೆಗೊಂದು ಗಾಜಿನ ಟ್ಯಾಂಕ್ ತಂದಿದ್ದೇವೆ. ಉದ್ದ 24 ಇಂಚು, ಅಗಲ 12, ಎತ್ತರ 12. ತಳಕ್ಕೆ ಸಣ್ಣ ಕಲ್ಲು ಹಾಕಿ ನೀರು ತುಂಬಿಸಿಟ್ಟಿದ್ದೇವೆ. ಮೀನು ಇನ್ನೂ ಬಿಟ್ಟಿಲ್ಲ. ಮಗಳಿಗೆ ಗಪ್ಪಿ ಬೇಕು, ಮೋಲಿ ಬೇಕು, ಜೊತೆಗೆ ಎರಡು ಗೋಲ್ಡ್ ಫಿಶ್ ಬೇಕೇ ಬೇಕಂತೆ. ನನಗೆ ಒಂದಿಷ್ಟು ಹಸಿರು ಗಿಡ ಇದ್ದರೆ ಚೆಂದ ಅನ್ನಿಸುತ್ತದೆ.

ಅಂಗಡಿಯವರು ಬಣ್ಣ ಬದಲಾಗುವ ರಿಮೋಟ್ ಲೈಟ್ ತೋರಿಸಿದರು. ನಮ್ಮ ಬಜೆಟ್ ಮೂರು ಸಾವಿರ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಆ ಲೈಟಿಗೇ ಹೋಗುತ್ತದೆ. ಗಾಳಿಗೆ ಯಾವುದಾದರೂ ಸಣ್ಣ ಪಂಪ್ ಸಾಕು ಅಂತಾರೆ. ನನಗೆ ಧೈರ್ಯ ಬರುತ್ತಿಲ್ಲ.

ಮನೆಯ ವಿಷಯ ಹೇಳಿಬಿಡುತ್ತೇನೆ. ಟ್ಯಾಂಕ್ ಇರುವುದು ಹಾಲ್‌ನಲ್ಲಿ, ಪಶ್ಚಿಮದ ಕಿಟಕಿ ಪಕ್ಕ. ಬೇಸಿಗೆಯಲ್ಲಿ ಮಧ್ಯಾಹ್ನ ಕರೆಂಟ್ ಹೋದರೆ ಎಷ್ಟು ಹೊತ್ತಿಗೆ ಬರುತ್ತದೋ ಹೇಳುವ ಹಾಗಿಲ್ಲ. ಆ ಹೊತ್ತಿಗೆ ನಾವಿಬ್ಬರೂ ಕೆಲಸದಲ್ಲಿರುತ್ತೇವೆ. ರಾತ್ರಿ ಅದೇ ಹಾಲ್‌ನಲ್ಲಿ ಅತ್ತೆ ಮಲಗುತ್ತಾರೆ. ಪಂಪಿನ ಗುಂಯ್ ಅನ್ನೋ ಸದ್ದು ಅವರಿಗೆ ಆಗುವುದಿಲ್ಲ, ಹಾಗಾಗಿ ರಾತ್ರಿ ಆಫ್ ಮಾಡೋಣ ಅಂದುಕೊಂಡಿದ್ದೇವೆ. ಸುತ್ತ ಭತ್ತದ ಗದ್ದೆ, ಸೊಳ್ಳೆ ವಿಪರೀತ, ಲಿಕ್ವಿಡ್ ಹಾಕದೆ ಯಾರಿಗೂ ನಿದ್ದೆ ಇಲ್ಲ. ನಲ್ಲಿಗೆ ಕಾಲುವೆ ನೀರು ಬರುತ್ತದೆ, ಬರದ ದಿನ ಬೋರ್ ನೀರು.

ಲೈಟ್ ಯಾವುದು, ಪಂಪ್ ಯಾವುದು, ತಿಳಿದವರು ಹೇಳಿ.

ವೈಂಡಿಂಗ್ ಅಂಗಡಿ, ಗಂಗಾವತಿ

ಅಕ್ಕಾ, ಮೊದಲು ಗಾಳಿಗೆ ದುಡ್ಡು ಹಾಕಿ. ಉಳಿದದ್ದರಲ್ಲಿ ಲೈಟ್. ನಮ್ಮ ಭಾಗದಲ್ಲಿ ಈ ಕ್ರಮ ತಿರುಗಿಸಿದರೆ ಮೀನು ಉಳಿಯುವುದು ಕಷ್ಟ.

ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ರೈತರ ಪಂಪ್‌ಸೆಟ್ಟು, ಅಕ್ಕಿ ಮಿಲ್ಲಿನ ಮೋಟಾರು ಇವೇ ನನ್ನ ಕೆಲಸ. ಮನೆಯಲ್ಲಿ ಬಹಳ ವರ್ಷದಿಂದ ಮೀನು ಇದೆ. ಊರಿನವರ ಕೆಟ್ಟ ಏರ್ ಪಂಪುಗಳೂ ನನ್ನ ಟೇಬಲ್ಲಿಗೇ ಬರುತ್ತವೆ. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 8.2 ಮಿಲಿಗ್ರಾಂ ಹಿಡಿದಿಟ್ಟುಕೊಳ್ಳುತ್ತದೆ. 35 ಡಿಗ್ರಿಗೆ ಹೋದರೆ 7ಕ್ಕಿಂತ ಕೆಳಗೆ. ಇಳಿದದ್ದು ಇಷ್ಟೇನಾ ಅನ್ನಿಸಬಹುದು. ಆದರೆ ಅದೇ ಬಿಸಿಗೆ ಮೀನಿನ ಮೈಯೂ ಜೋರಾಗಿ ಓಡುತ್ತದೆ, ಅದಕ್ಕೆ ಉಸಿರು ಜಾಸ್ತಿ ಬೇಕು. ಕಲ್ಲಿನ ಸಂದಿಯಲ್ಲಿ ಕೂತ ಉಳಿದ ಆಹಾರ, ಹಿಕ್ಕೆ ಕೊಳೆಯುವುದೂ ಜೋರು, ಅದೂ ಆಮ್ಲಜನಕ ತಿನ್ನುತ್ತದೆ. ಬರುವುದು ಕಡಿಮೆ, ಖರ್ಚು ಜಾಸ್ತಿ. ಮೇ ತಿಂಗಳ ಮಧ್ಯಾಹ್ನ ಹೊರಗೆ 40 ದಾಟಿದಾಗ ಪಶ್ಚಿಮದ ಕಿಟಕಿ ಪಕ್ಕದ ಟ್ಯಾಂಕಿನಲ್ಲಿ ಆಗುವುದು ಇದೇ.

ಗಾಳಿ ನೀರಿಗೆ ಸೇರುವುದು ಮುಖ್ಯವಾಗಿ ಮೇಲ್ಮೈಯಿಂದ. ಗುಳ್ಳೆಯಿಂದ ನೇರವಾಗಿ ಕರಗುವುದು ಸ್ವಲ್ಪ. ಗುಳ್ಳೆಯ ದೊಡ್ಡ ಕೆಲಸ ಏನೆಂದರೆ ತಳದ ನೀರನ್ನು ಮೇಲಕ್ಕೆ ಎಳೆದು ತಂದು ಮೇಲ್ಮೈಯನ್ನು ಕದಡುವುದು. ನಿಮ್ಮ ಟ್ಯಾಂಕಿನ ಮೇಲ್ಮೈ ಎರಡು ಚದರಡಿ, ಈ ಅಳತೆಗೆ ಚೆನ್ನಾಗಿದೆ. ಅದರ ಮೇಲೆ ಗಾಜು ಬಿಗಿಯಾಗಿ ಮುಚ್ಚಬೇಡಿ, ಹಿಂಬದಿ ಎರಡು ಬೆರಳು ಜಾಗ ಬಿಡಿ.

ಈಗ ಯಾವ ಪಂಪ್ ಅಂತ. ನೀವು ಹೇಳಿದ ಅಳತೆಗೆ ಬಾಯಿತನಕ ತುಂಬಿದರೆ 56 ಲೀಟರ್ ಆಗುತ್ತದೆ. ಮೇಲೆ ಎರಡಿಂಚು ಬಿಟ್ಟು, ಕಲ್ಲು ಕಳೆದರೆ 45 ಲೀಟರ್ ಹತ್ತಿರ. ನೀರಿನ ಆಳ ಒಂದಡಿಯೂ ಇಲ್ಲ. ಅಷ್ಟು ಆಳಕ್ಕೆ ಗಾಳಿ ತಳ್ಳಲು ಮೂರ್ನಾಲ್ಕು ವ್ಯಾಟ್ ಪಂಪ್ ಧಾರಾಳ. ದೊಡ್ಡದು ತಂದರೆ ಸದ್ದು ದೊಡ್ಡದು, ಗಪ್ಪಿಗಳು ಅಲೆಗೆ ಸಿಕ್ಕಿ ಸುಸ್ತಾಗುತ್ತವೆ. ಅದಕ್ಕೆ ಬರೀ ಗುಳ್ಳೆ ಬಿಡುವ ಕಲ್ಲು ಜೋಡಿಸಬೇಡಿ, ಸ್ಪಂಜ್ ಫಿಲ್ಟರ್ ಜೋಡಿಸಿ. ಏಳುವ ಗುಳ್ಳೆ ನೀರನ್ನು ಸ್ಪಂಜಿನ ಮೂಲಕ ಎಳೆದು ಸೋಸುತ್ತದೆ. ಒಂದೇ ಗಾಳಿಯಲ್ಲಿ ಎರಡು ಕೆಲಸ. ಸ್ಪಂಜಿನ ಒಳಗೆ ಒಳ್ಳೆಯ ಬ್ಯಾಕ್ಟೀರಿಯಾ ನೆಲೆ ನಿಂತು ಮೀನಿನ ಅಮೋನಿಯಾ ತಿಂದು ಹಾಕುತ್ತವೆ. ಅದಕ್ಕೆ ಒಂದು ತಿಂಗಳಾದರೂ ಬೇಕು, ಹಾಗಾಗಿ ಶುರುವಿಗೆ ಎರಡೋ ಮೂರೋ ಗಪ್ಪಿ ಮಾತ್ರ ಬಿಡಿ.

ಒಳಗೆ ಏನಿರುತ್ತದೆ ಅಂತ ಹೇಳುತ್ತೇನೆ, ಆಗ ಅದನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಏರ್ ಪಂಪಿನಲ್ಲಿ ತಿರುಗುವ ಮೋಟಾರ್ ಇಲ್ಲ. ಒಂದು ಕಾಯಿಲ್ ಇದೆ, ಅದರ ಮುಂದೆ ಅಯಸ್ಕಾಂತ ಅಂಟಿಸಿದ ಒಂದು ಸಣ್ಣ ತೋಳು. ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುತ್ತದಲ್ಲ, ಆ ತೋಳೂ ಹಾಗೇ ಅಲ್ಲಾಡುತ್ತದೆ. ತೋಳಿನ ತುದಿಗೆ ಬೆರಳ ತುದಿಗಿಂತ ಸ್ವಲ್ಪ ದೊಡ್ಡದಾದ ರಬ್ಬರ್ ಬಟ್ಟಲು, ಅದೇ ಡಯಾಫ್ರಾಮ್. ಅದು ಉಬ್ಬಿ ತಗ್ಗಿ ಗಾಳಿ ತಳ್ಳುತ್ತದೆ. ನನ್ನ ಹತ್ತಿರ ಬರುವ ಪಂಪುಗಳಲ್ಲಿ ಕಾಯಿಲ್ ಸುಟ್ಟದ್ದು ಅಪರೂಪ. ಹೆಚ್ಚಿನವುಗಳಲ್ಲಿ ಈ ರಬ್ಬರ್ ಮಡಿಕೆ ಬೀಳುವ ಕಡೆ ಸೀಳಿರುತ್ತದೆ. ಬೆಳಕಿಗೆ ಹಿಡಿದರೆ ಕೂದಲೆಳೆಯಷ್ಟು ಗೆರೆ ಕಾಣುತ್ತದೆ, ಅಷ್ಟೇ. ಗುಂಯ್ ಅನ್ನುತ್ತದೆ, ಗಾಳಿ ಬರುವುದಿಲ್ಲ.

ಸೀಳುವುದಕ್ಕೆ ಕಾರಣ ಎದುರು ಒತ್ತಡ. ಗಾಳಿ ಜಾಸ್ತಿಯಾಯಿತು ಅಂತ ಜನ ಪೈಪನ್ನು ಮಡಚಿ ದಾರ ಕಟ್ಟುತ್ತಾರೆ. ಗಾಳಿಗೆ ಹೋಗಲು ದಾರಿ ಇಲ್ಲದೆ ರಬ್ಬರ್ ಮೇಲೆ ಭಾರ ಬೀಳುತ್ತದೆ. ಹಾಗೆ ಮಾಡಬೇಡಿ. ಪೈಪಿಗೆ ಒಂದು ಟಿ ಜಾಯಿಂಟ್ ಹಾಕಿ, ಮೂರನೇ ಬಾಯಿಗೆ ಸಣ್ಣ ವಾಲ್ವ್ ಕೊಟ್ಟು ಹೆಚ್ಚಾದ ಗಾಳಿಯನ್ನು ಹೊರಗೆ ಬಿಡಿ. ಪಂಪ್ ತಣ್ಣಗೆ ಓಡುತ್ತದೆ, ಸದ್ದೂ ಇಳಿಯುತ್ತದೆ.

ರಾತ್ರಿ ಆಫ್ ಮಾಡುವ ವಿಚಾರ ದಯವಿಟ್ಟು ಬಿಡಿ. ಲೈಟ್ ಇದ್ದಾಗ ಗಿಡ ಆಮ್ಲಜನಕ ಬಿಡುತ್ತದೆ, ಕತ್ತಲಾದ ಮೇಲೆ ಅದೂ ಮೀನಿನ ಹಾಗೆ ಆಮ್ಲಜನಕ ತೆಗೆದುಕೊಳ್ಳುತ್ತದೆ. ಬೆಳಗಿನ ಜಾವಕ್ಕೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ ಇರುತ್ತದೆ. ಬೆಳಿಗ್ಗೆ ಎದ್ದಾಗ ಮೀನೆಲ್ಲ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಕಾರಣ ಬಹುಮಟ್ಟಿಗೆ ಇದೇ. ಪಂಪ್ ತುರ್ತಾಗಿ ಬೇಕಾಗುವುದೇ ರಾತ್ರಿ. ಅತ್ತೆಯವರ ನಿದ್ದೆಗೆ ಬೇರೆ ದಾರಿ ಇದೆ. ಅರ್ಧ ಸದ್ದು ಪಂಪಿನದಲ್ಲ, ಅದರ ಕೆಳಗಿನ ಹಲಗೆಯದು. ಪಂಪನ್ನು ದಪ್ಪ ಫೋಮ್ ತುಂಡಿನ ಮೇಲೆ ಇಡಿ, ಗೋಡೆಗೂ ಗಾಜಿಗೂ ತಾಗದಂತೆ ನೋಡಿ. ಇಲ್ಲವೇ ಮೊಳೆಗೆ ದಾರ ಕಟ್ಟಿ ತೂಗುಹಾಕಿ.

ಕರೆಂಟ್ ಹೋದಾಗ ಏನು? ನಿಮ್ಮ ಮನೆಗೆ ಇದೇ ದೊಡ್ಡ ಪ್ರಶ್ನೆ. ಒಳಗೇ ಬ್ಯಾಟರಿ ಇರುವ ಪಂಪ್ ಸಿಗುತ್ತದೆ. ಪ್ಲಗ್ಗಿನಲ್ಲಿ ಚಾರ್ಜ್ ಆಗುತ್ತಿರುತ್ತದೆ, ಕರೆಂಟ್ ಹೋದ ಕೂಡಲೇ ತಾನೇ ಶುರುವಾಗುತ್ತದೆ. ಮನೆಯಲ್ಲಿ ಯಾರೂ ಇರದ ಹೊತ್ತಿಗೆ ಅದೇ ಸರಿ. ಮೊಬೈಲ್ ಚಾರ್ಜರಿಗೆ ಹಾಕುವ 5 ವೋಲ್ಟಿನ ಯುಎಸ್‌ಬಿ ಪಂಪೂ ಇದೆ. ಅದು ತಿನ್ನುವುದು ಒಂದು ವ್ಯಾಟ್ ಆಸುಪಾಸು, 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಹತ್ತಿರ ಹತ್ತಿರ ಒಂದು ದಿನ ಓಡುತ್ತದೆ. ಆದರೆ ಒಂದು ತೊಡಕು ಇದೆ. ಎಳೆಯುವ ಕರೆಂಟ್ ತೀರಾ ಕಡಿಮೆ ಅಂತ ಕೆಲವು ಪವರ್ ಬ್ಯಾಂಕ್‌ಗಳು ಸ್ವಲ್ಪ ಹೊತ್ತಿಗೆ ತಾವೇ ಆಫ್ ಆಗುತ್ತವೆ. ಮೀನು ಬಿಡುವ ಮುಂಚೆಯೇ ಹಚ್ಚಿಟ್ಟು ನೋಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದು ಸೈನ್ ವೇವ್, ಅಂದರೆ ಲೈನ್ ಕರೆಂಟಿನ ಹಾಗೆ ನಯವಾಗಿ ಏರಿಳಿಯುವ ಕರೆಂಟ್ ಕೊಡುವಂಥದ್ದು, ಹೌದಾ ಅಂತ ವಿಚಾರಿಸಿ. ಸ್ಕ್ವೇರ್ ವೇವ್ ಆದರೆ ಕಾಯಿಲ್ ಜೋರಾಗಿ ಗುರ್ ಅನ್ನುತ್ತದೆ, ಬಿಸಿಯೂ ಆಗುತ್ತದೆ.

ಲೈಟಿನ ವಿಷಯ ಚಿಕ್ಕದು. ಮೀನಿಗೆ ಲೈಟ್ ಬೇಕಿಲ್ಲ, ಹಗಲು ರಾತ್ರಿ ಗೊತ್ತಾದರೆ ಸಾಕು. ಲೈಟ್ ಬೇಕಿರುವುದು ಗಿಡಕ್ಕೆ, ಮತ್ತೆ ನೋಡುವ ನಮಗೆ. ಬೆಳಕಿನ ಅಳತೆಗೆ ಲೂಮೆನ್ ಅಂತಾರೆ. ಸುಲಭದ ಗಿಡಗಳಿಗೆ ಲೀಟರಿಗೆ 20 ಲೂಮೆನ್ ಲೆಕ್ಕ ಹಿಡಿಯಿರಿ. 45 ಲೀಟರಿಗೆ 900 ಆಯಿತು. ಒಳ್ಳೆಯ 9 ವ್ಯಾಟ್ ಎಲ್‌ಇಡಿ ಕೊಡುವುದು ಹತ್ತಿರ ಹತ್ತಿರ ಅಷ್ಟೇ. ಡಬ್ಬಿ ಮೇಲೆ 6500ಕೆ ಅಂತ ಇರಲಿ, ಅಂದರೆ ಹಗಲಿನಂಥ ಬಿಳಿ ಬೆಳಕು. ಎರಡಡಿ ಉದ್ದದ ಅಕ್ವೇರಿಯಂ ಲೈಟ್ ಆದರೆ ಬೆಳಕು ಸಮನಾಗಿ ಹರಡುತ್ತದೆ, ನೀರಿನ ಹನಿಗೂ ತಡೆಯುತ್ತದೆ. ಧೂಳು, ನೀರು ತಡೆಯುವ ಗುರುತು ಐಪಿ65 ಅಥವಾ ಅದಕ್ಕಿಂತ ಮೇಲಿನದು ಕೇಳಿ. ಬಣ್ಣದ ಲೈಟಿನಲ್ಲಿ ಗಪ್ಪಿ ಬಾಲ ಚೆಂದ ಕಾಣುವುದು ನಿಜ. ಆದರೆ ನಿಮ್ಮ ಮೂರು ಸಾವಿರದಲ್ಲಿ ಬ್ಯಾಟರಿ ಪಂಪ್ ಬಿಟ್ಟು ರಿಮೋಟ್ ತರುವುದನ್ನು ನಾನು ಒಪ್ಪಲಾರೆ.

ಗೋಲ್ಡ್ ಫಿಶ್ ಬೇಡ ಅಕ್ಕಾ. ಅದು ತಂಪು ನೀರಿನ ಮೀನು, ಬಹಳ ದೊಡ್ಡದಾಗಿ ಬೆಳೆಯುತ್ತದೆ, ನೀವು ಆಸೆಪಟ್ಟು ನೆಟ್ಟ ಗಿಡವನ್ನೂ ತಿನ್ನುತ್ತದೆ. ಮಗಳಿಗೆ ದೊಡ್ಡ ಮೀನು ಬೇಕಿದ್ದರೆ ಒಂದು ಜೋಡಿ ಗುರಾಮಿ ತನ್ನಿ. ಗುರಾಮಿ ಮೇಲೆ ಬಂದು ನೇರವಾಗಿ ಗಾಳಿ ಕುಡಿಯಬಲ್ಲದು, ನಮ್ಮ ಬೇಸಿಗೆಗೆ ಹೊಂದುತ್ತದೆ. ಗಪ್ಪಿ, ಮೋಲಿಗೆ ಬೋರಿನ ಗಡಸು ನೀರು ಹಿಡಿಸುತ್ತದೆ.

ಟ್ಯಾಂಕ್ ಮಾತ್ರ ಆ ಕಿಟಕಿಯಿಂದ ಇವತ್ತೇ ಸರಿಸಿ. ತುಂಬಿದ ಟ್ಯಾಂಕ್ ಎತ್ತಬೇಡಿ, ತಳದ ಅಂಟು ಬಿಡುತ್ತದೆ. ನೀರು ತೆಗೆದು ಸರಿಸಿ.

ಕೃಷ್ಣಾತೀರ, ರಾಯಚೂರು

ಅಣ್ಣಾ, ನಿಮ್ಮ ಮಾತು ಬಹಳಷ್ಟು ಸರಿ. ಆದರೆ ಏರ್ ಪಂಪ್ ಇಲ್ಲದೆಯೂ ನಡೆಯುತ್ತದೆ ಅಂತ ನನ್ನ ಅನುಭವ. ನನ್ನದೂ ಎರಡಡಿ ಟ್ಯಾಂಕ್. ಹಿಂದೆ ತೂಗುಹಾಕುವ ಹ್ಯಾಂಗ್ ಆನ್ ಫಿಲ್ಟರ್ ಇದೆ. ನೀರು ಜಲಪಾತದ ಹಾಗೆ ಬೀಳುತ್ತದೆ, ಮೇಲ್ಮೈ ಚೆನ್ನಾಗಿ ಕದಡುತ್ತದೆ. ಗುಳ್ಳೆಯ ಸದ್ದಿಲ್ಲ, ನೀರೂ ಸ್ಪಂಜ್ ಫಿಲ್ಟರಿಗಿಂತ ತಿಳಿಯಾಗಿರುತ್ತದೆ. ಅತ್ತೆಯವರು ಅದೇ ರೂಮಿನಲ್ಲಿ ಮಲಗುತ್ತಾರೆ ಅಂದರೆ ಇದನ್ನೂ ಯೋಚಿಸಿ.

ಇನ್ನೊಂದು, ರಾಯಚೂರಿನ ಬೇಸಿಗೆಗೆ ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಒಂದು ಸಣ್ಣ ಟೇಬಲ್ ಫ್ಯಾನ್. ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬಿಟ್ಟರೆ ನೀರು ಆವಿಯಾಗುತ್ತಾ ಎರಡು ಮೂರು ಡಿಗ್ರಿ ಇಳಿಯುತ್ತದೆ. ನಮ್ಮದು ಒಣ ಬಿಸಿಲು ನೋಡಿ, ಕರಾವಳಿಯವರಿಗೆ ಇದು ಇಷ್ಟು ಚೆನ್ನಾಗಿ ಆಗುವುದಿಲ್ಲ. ಐಸ್ ಮಾತ್ರ ಹಾಕಬೇಡಿ. ನೀರಿನ ಬಿಸಿ ಒಮ್ಮೆಲೇ ಇಳಿದರೆ ಮೀನು ಕಾಯಿಲೆ ಬೀಳುತ್ತದೆ.

ವೈಂಡಿಂಗ್ ಅಂಗಡಿ, ಗಂಗಾವತಿ

ಫ್ಯಾನಿನ ಮಾತು ಚಿನ್ನದಂಥದ್ದು, ನಾನು ಬರೆಯಬೇಕಿತ್ತು. ಒಂದು ಸೇರಿಸುತ್ತೇನೆ. ಆವಿಯಾಗಿ ಹೋಗುವುದು ಬರೀ ನೀರು, ಸುಣ್ಣದಂಶ ಟ್ಯಾಂಕಿನಲ್ಲೇ ಉಳಿಯುತ್ತದೆ. ಕಡಿಮೆಯಾದದ್ದಕ್ಕೆ ಮತ್ತೆ ಮತ್ತೆ ಬೋರ್ ನೀರು ಸುರಿದರೆ ಗಡಸು ಏರುತ್ತಲೇ ಹೋಗುತ್ತದೆ. ಕಡಿಮೆಯಾದಷ್ಟನ್ನು ಶುದ್ಧ ನೀರಿನ ಘಟಕದ ಆರ್‌ಓ ನೀರಿನಿಂದ ತುಂಬಿಸಿ.

ಹ್ಯಾಂಗ್ ಆನ್ ಫಿಲ್ಟರ್ ಕರೆಂಟ್ ಇರುವ ತನಕ ಒಳ್ಳೆಯದೇ. ನೀವು ಹೇಳಿದ ಹಾಗೆ ಅದೊಂದೇ ಸಾಕಾಗುತ್ತದೆ. ಆದರೆ ಮೀನಮ್ಮ ಅಕ್ಕನ ಮನೆಯಲ್ಲಿ ಮಧ್ಯಾಹ್ನ ಕರೆಂಟ್ ಇಲ್ಲ, ಜನವೂ ಇಲ್ಲ. ಆವಿಯಾಗಿ ನೀರಿನ ಮಟ್ಟ ಇಳಿದಿದ್ದಾಗ ಕರೆಂಟ್ ಹೋಗಿ ಬಂದರೆ ಕೆಲವು ಹ್ಯಾಂಗ್ ಆನ್‌ಗಳು ಒಳಗೆ ಗಾಳಿ ಹಿಡಿದು ನೀರು ಎತ್ತುವುದೇ ಇಲ್ಲ, ಬರೀ ಕಟಕಟ ಅನ್ನುತ್ತವೆ. ಯಾರಾದರೂ ನೀರು ಸುರಿದು ಮತ್ತೆ ಶುರು ಮಾಡಬೇಕು. ಸ್ಪಂಜ್ ಫಿಲ್ಟರಿಗೆ ಆ ರಗಳೆ ಇಲ್ಲ, ಗಾಳಿ ಬಂದ ಕೂಡಲೇ ಕೆಲಸಕ್ಕೆ ಹತ್ತುತ್ತದೆ. ಅದೇ ಪೈಪಿಗೆ ಬ್ಯಾಟರಿ ಪಂಪನ್ನೂ ಜೋಡಿಸಬಹುದು. ಹಾಗಾಗಿ ಆ ಮನೆಗೆ ಸ್ಪಂಜೇ ಅಂತ ನನ್ನ ಮಾತು.

ಕೆಂಪುಧೂಳು, ಬಳ್ಳಾರಿ

ಮೀನಮ್ಮ, ಎಲ್ಲರೂ ಪಂಪಿನ ವಿಷಯ ಹೇಳಿದ್ದಾರೆ. ನಿಮ್ಮ ಪ್ರಶ್ನೆಯಲ್ಲಿದ್ದ ಸೊಳ್ಳೆ ಲಿಕ್ವಿಡ್ ನನ್ನ ಕಣ್ಣಿಗೆ ಬಿತ್ತು. ಅದನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ.

ಸೊಳ್ಳೆ ಬತ್ತಿ, ಲಿಕ್ವಿಡ್‌ಗಳಲ್ಲಿ ಇರುವುದು ಪೈರೆತ್ರಾಯ್ಡ್ ಜಾತಿಯ ಕೀಟನಾಶಕ. ಮನುಷ್ಯರು ತಡೆದುಕೊಳ್ಳುವ ಪ್ರಮಾಣ ಮೀನಿಗೆ ವಿಷ. ಏರ್ ಪಂಪ್ ಏನು ಮಾಡುತ್ತದೆ? ರೂಮಿನ ಗಾಳಿಯನ್ನೇ ಎಳೆದು ನೀರಿನೊಳಗೆ ತಳ್ಳುತ್ತದೆ. ಲಿಕ್ವಿಡ್ ಹಚ್ಚಿದ ಪ್ಲಗ್ಗಿನ ಪಕ್ಕದಲ್ಲೇ ಪಂಪ್ ಇದ್ದರೆ ರಾತ್ರಿಯಿಡೀ ಆ ಹೊಗೆ ನೀರಿಗೆ ಹೋಗುತ್ತಿರುತ್ತದೆ. ಪಂಪನ್ನು ಆಫ್ ಮಾಡುವಂತಿಲ್ಲ, ಆದ್ದರಿಂದ ಲಿಕ್ವಿಡನ್ನು ಆ ಹಾಲ್‌ನಿಂದ ತೆಗೆಯಿರಿ. ಅತ್ತೆಯವರಿಗೆ ಸೊಳ್ಳೆ ಪರದೆ ಕಟ್ಟಿ. ಸಂಜೆ ಬಾಗಿಲು ಹಾಕಿ, ಕಿಟಕಿಗೆ ಜಾಲರಿ ಹಾಕಿಸಿ. ಪಂಪಿನ ಪೈಪು ಉದ್ದ ತೆಗೆದುಕೊಂಡು ಪಂಪನ್ನು ಪಕ್ಕದ ರೂಮಿನಲ್ಲಿ ಇಟ್ಟರೆ ಇನ್ನೂ ಒಳ್ಳೆಯದು. ಅತ್ತೆಯವರಿಗೆ ಸದ್ದೂ ಕೇಳುವುದಿಲ್ಲ. ಆದರೆ ಆ ರೂಮಿನಲ್ಲೂ ಲಿಕ್ವಿಡ್ ಇರಬಾರದು. ಜಿರಲೆ ಸ್ಪ್ರೇ ಹೊಡೆಯುವ ದಿನ ಪಂಪ್ ನಿಲ್ಲಿಸಿ, ಟ್ಯಾಂಕಿಗೆ ಒದ್ದೆ ಬಟ್ಟೆ ಮುಚ್ಚಿ, ರೂಮಿನ ಗಾಳಿ ಪೂರ್ತಿ ಹೋದ ಮೇಲೆ ಶುರು ಮಾಡಿ.

ನಮ್ಮ ಬಳ್ಳಾರಿಯ ತೊಂದರೆ ಧೂಳು. ನಮ್ಮ ಮನೆ ಸಂಡೂರು ಕಡೆಯಿಂದ ಅದಿರು ಲಾರಿ ಬರುವ ರಸ್ತೆಗೆ ಹತ್ತಿರ. ಏರ್ ಪಂಪ್ ಮಗುಚಿ ನೋಡಿ, ತಳದಲ್ಲಿ ನಾಣ್ಯದಷ್ಟು ಅಗಲದ ಒಂದು ಉಣ್ಣೆ ತುಂಡು ಇರುತ್ತದೆ. ಗಾಳಿ ಒಳಗೆ ಹೋಗುವುದು ಅದರ ಮೂಲಕ. ಹೊಸದರಲ್ಲಿ ಬಿಳಿ ಇರುತ್ತದೆ, ನಮ್ಮಲ್ಲಿ ಬೇಗ ಇಟ್ಟಿಗೆ ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಗಾಳಿ ಕಡಿಮೆಯಾದರೆ ಪಂಪ್ ಕೆಟ್ಟಿತು ಅಂದುಕೊಳ್ಳುವ ಮೊದಲು ಅದನ್ನು ತೆಗೆದು ತೊಳೆದು, ಪೂರ್ತಿ ಒಣಗಿಸಿ ಹಾಕಿ. ಸಿಂಧನೂರಿನಲ್ಲಿ ಭತ್ತ ಕೊಯ್ಯುವ ಕಾಲಕ್ಕೆ ದೂಳು ಏಳುತ್ತದಲ್ವಾ, ಆಗ ನೀವೂ ಒಮ್ಮೆ ನೋಡಿ.

ಗುಳ್ಳೆ ಕಲ್ಲು ಹಾಕಿದರೆ ಗಡಸು ನೀರಿಗೆ ಅದರ ರಂಧ್ರಗಳಲ್ಲಿ ಸುಣ್ಣ ಕಟ್ಟುತ್ತದೆ. ಮೊದಲು ಹುಡಿ ಹುಡಿಯಾಗಿ ಏಳುತ್ತಿದ್ದ ಗುಳ್ಳೆ ಆಮೇಲೆ ಒಂದೇ ಕಡೆಯಿಂದ ದಪ್ಪ ದಪ್ಪ ಬರುತ್ತದೆ. ಕಲ್ಲನ್ನು ವಿನೆಗರ್‌ನಲ್ಲಿ ರಾತ್ರಿ ನೆನೆಸಿ, ಚೆನ್ನಾಗಿ ತೊಳೆದರೆ ಬಿಡುತ್ತದೆ. ಇದೇ ಸುಣ್ಣ ಲೈಟಿಗೂ ಕಾಟ ಕೊಡುತ್ತದೆ. ಗುಳ್ಳೆ ಒಡೆಯುವಾಗ ಸಣ್ಣ ಹನಿ ಮೇಲೆ ಹಾರಿ ಮುಚ್ಚಳದ ಗಾಜಿಗೆ ಅಂಟುತ್ತದೆ, ಒಣಗಿ ಬಿಳಿ ಪೊರೆಯಾಗುತ್ತದೆ. ಲೈಟ್ ಹಳೆಯದಾಯಿತು, ಗಿಡ ಸೊರಗಿತು ಅಂತ ಹೊಸ ಲೈಟ್ ತರುವವರಿದ್ದಾರೆ. ಗಾಜು ಒರೆಸಿದರೆ ಸಾಕಿತ್ತು. ಸ್ಪಂಜನ್ನು ಹಿಂದಿನ ಮೂಲೆಯಲ್ಲಿ, ಲೈಟಿನ ನೇರ ಕೆಳಗೆ ಬರದ ಹಾಗೆ ಇಡಿ.

ಗಿಡಕ್ಕೆ ಜಾವಾ ಫರ್ನ್, ಅನೂಬಿಯಸ್, ಜಾವಾ ಮಾಸ್ ತನ್ನಿ. ಅಷ್ಟು ಲೈಟಿಗೆ ಆರಾಮಾಗಿ ಬದುಕುತ್ತವೆ. ವ್ಯಾಲಿಸ್ನೇರಿಯಾ ಗಡಸು ನೀರಿನಲ್ಲೂ ಚೆನ್ನಾಗಿ ಹಬ್ಬುತ್ತದೆ. ಕಾಲುವೆಯಿಂದ ಗಿಡ ಕಿತ್ತು ತಂದರೆ ಅದರ ಜೊತೆ ಏರೋಪ್ಲೇನ್ ಚಿಟ್ಟೆಯ ಮರಿ ಬರಬಹುದು. ನೀರಿನಲ್ಲಿರುವಾಗ ಅದು ಮೀನುಮರಿ ಹಿಡಿದು ತಿನ್ನುತ್ತದೆ.

ಮೀನಮ್ಮ, ಸಿಂಧನೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸೊಳ್ಳೆ ಲಿಕ್ವಿಡ್ ವಿಷಯ ನಮಗೆ ಹೊಳೆದೇ ಇರಲಿಲ್ಲ ಅಕ್ಕಾ. ಅತ್ತೆಗೆ ಹೇಳಿದೆ, ಪರದೆ ಆದರೆ ನನಗೂ ಒಳ್ಳೆಯದೇ ಅಂದರು. ಗೋಲ್ಡ್ ಫಿಶ್ ಬಿಟ್ಟು ಗುರಾಮಿಗೆ ಮಗಳು ಒಪ್ಪಿದಳು, ಮೇಲೆ ಬಂದು ಗಾಳಿ ಕುಡಿಯುತ್ತದೆ ಅಂದ ಕೂಡಲೇ ಅವಳಿಗೆ ಅದೇ ಬೇಕಾಯಿತು. ಟ್ಯಾಂಕನ್ನು ಒಳಗೋಡೆಗೆ ಸರಿಸಿದ್ದೇವೆ.

ಇನ್ನು ಮೂರು ಸಣ್ಣ ಪ್ರಶ್ನೆ. ಲೈಟ್ ದಿನಕ್ಕೆ ಎಷ್ಟು ಹೊತ್ತು ಹಾಕಬೇಕು? ಪಂಪನ್ನು ಟ್ಯಾಂಕಿನ ಕೆಳಗಿನ ಕಪಾಟಿನಲ್ಲಿ ಇಡಬಹುದಾ? ನಲ್ಲಿ ನೀರಿನ ಬ್ಲೀಚಿಂಗ್ ವಾಸನೆಗೆ ಏನು ಮಾಡಬೇಕು?

ವೈಂಡಿಂಗ್ ಅಂಗಡಿ, ಗಂಗಾವತಿ

ಲೈಟ್ ದಿನಕ್ಕೆ ಆರೇಳು ತಾಸು ಸಾಕು. ನೀವೆಲ್ಲ ಮನೆಯಲ್ಲಿರುವ ಹೊತ್ತಿಗೆ ಇಟ್ಟುಕೊಳ್ಳಿ, ಸಂಜೆ ನಾಲ್ಕರಿಂದ ಹತ್ತು ಅಂತ. ಅದಕ್ಕಿಂತ ಜಾಸ್ತಿ ಹೋದರೆ ಗಾಜಿಗೆ ಪಾಚಿ ಹತ್ತುತ್ತದೆ. ಮಲಗುವಾಗ ನೀಲಿ ಲೈಟ್ ಕೂಡ ಬೇಡ, ಮೀನಿಗೆ ಪೂರ್ತಿ ಕತ್ತಲೆ ಕೊಡಿ. ಟೈಮರ್ ಹಾಕುವುದಾದರೆ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತನ್ನಿ. ಮುಳ್ಳು ತಿರುಗಿಸಿ ಇಡುವ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತದೆ. ದಿನಾ ಎರಡು ಗಂಟೆ ಕರೆಂಟ್ ಹೋಗುವ ಕಡೆ ಒಂದು ವಾರದಲ್ಲಿ ಅದರ ಸಂಜೆ ನಮ್ಮ ಬೆಳಗಿನ ಜಾವಕ್ಕೆ ಬಂದಿರುತ್ತದೆ.

ಬ್ಲೀಚಿಂಗ್ ನೀರನ್ನು ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ಬಿಡಿ. ಅದರೊಳಗೆ ಪಂಪಿನ ಗಾಳಿ ಬಿಟ್ಟರೆ ಕ್ಲೋರಿನ್ ಇನ್ನೂ ಬೇಗ ಹೋಗುತ್ತದೆ.

ಪಂಪ್ ಕೆಳಗಿನ ಕಪಾಟಿನಲ್ಲಿ ಬೇಡ. ಕರೆಂಟ್ ಹೋದಾಗ ಪೈಪಿನಲ್ಲಿ ನೀರು ಹಿಂದಕ್ಕೆ ಬಂದು, ಪಂಪಿನೊಳಗೆ ಇಳಿದು, ಅಲ್ಲಿಂದ ನೆಲಕ್ಕೆ ಹರಿಯುತ್ತದೆ. ಕಾಯಿಲಿಗೂ ನೀರು ತಾಗುತ್ತದೆ. ನೀರಿನ ಮಟ್ಟಕ್ಕಿಂತ ಮೇಲೆ, ಗೋಡೆಯ ಶೆಲ್ಫಿನಲ್ಲಿ ಇಡಿ. ಪಕ್ಕದ ರೂಮಿನಲ್ಲಿ ಇಟ್ಟರೂ ಇದೇ ಮಾತು. ಪ್ಲಗ್ಗಿಗೆ ಹೋಗುವ ವೈರ್ ಒಮ್ಮೆ ಕೆಳಗೆ ಜೋತು ಬಿದ್ದು ಆಮೇಲೆ ಮೇಲಕ್ಕೆ ಹೋಗಲಿ. ವೈರ್ ಮೇಲೆ ಹರಿದು ಬಂದ ಹನಿ ಆ ಜೋತಿನಲ್ಲಿ ಕೆಳಗೆ ಬೀಳುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ನೀರಿಗೆ ಕೈ ಹಾಕುವಾಗ ಲೈಟ್, ಪಂಪ್ ಎರಡೂ ಆಫ್ ಇರಬೇಕು. ಮಗಳಿಗೂ ಇದನ್ನು ಮೊದಲ ದಿನವೇ ಹೇಳಿ. ಮನೆ ಬೋರ್ಡಿನಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ, ಇಲ್ಲದಿದ್ದರೆ ಹಾಕಿಸಿ.

ಎತ್ತರದಲ್ಲಿ ಇಟ್ಟರೂ ಪೈಪಿಗೆ ಒಂದು ಚೆಕ್ ವಾಲ್ವ್ ಹಾಕಿ, ಅದು ಗಾಳಿಯನ್ನು ಮುಂದಕ್ಕೆ ಬಿಟ್ಟು ನೀರು ಹಿಂದೆ ಬರದಂತೆ ತಡೆಯುತ್ತದೆ. ಬಹಳ ಸಣ್ಣ ದುಡ್ಡಿನ ವಸ್ತು. ಕರೆಂಟಿನದು, ಬ್ಯಾಟರಿಯದು ಅಂತ ಎರಡು ಪಂಪ್ ಒಂದೇ ಪೈಪಿಗೆ ಜೋಡಿಸುವಾಗ ಎರಡಕ್ಕೂ ಒಂದೊಂದು ಬೇಕು, ಇಲ್ಲದಿದ್ದರೆ ಒಂದರ ಗಾಳಿ ಇನ್ನೊಂದರೊಳಗೆ ಹೋಗಿಬಿಡುತ್ತದೆ. ಟಿ ಜಾಯಿಂಟಿನ ಗಾಳಿ ಬಿಡುವ ವಾಲ್ವ್ ಕರೆಂಟಿನ ಪಂಪ್ ಮತ್ತು ಅದರ ಚೆಕ್ ವಾಲ್ವ್ ನಡುವೆ ಇರಲಿ. ಆಗ ಬ್ಯಾಟರಿ ಪಂಪಿನ ಗಾಳಿ ಅಲ್ಲಿಂದ ಸೋರುವುದಿಲ್ಲ. ಚೆಕ್ ವಾಲ್ವಿನ ಮೇಲೆ ಬಾಣದ ಗುರುತು ಇರುತ್ತದೆ, ಅದು ಟ್ಯಾಂಕಿನ ಕಡೆ ಮುಖ ಮಾಡಬೇಕು. ಗುರುತು ಕಾಣದಿದ್ದರೆ ಜೋಡಿಸುವ ಮುಂಚೆ ಬಾಯಿಂದ ಊದಿ ನೋಡಿ. ಯಾವ ಬದಿಯಿಂದ ಊದಿದರೆ ಗಾಳಿ ಸಲೀಸಾಗಿ ಹೋಗುತ್ತದೋ ಆ ಬದಿ ಪಂಪಿಗೆ, ತಡೆಯುವ ಬದಿ ಟ್ಯಾಂಕಿಗೆ.